ಕೋರೆಯವರ ದೇಣಿಗೆ ಮತ್ತು ಭಂಡಾರದ ದಾರಿ

ಮಾನ್ಯ ಸಂಪಾದಕರೇ,

ಗಣಿ ಕಂಪನಿಗಳು ಸುತ್ತಲಿನ ಊರುಗಳ ಕಲೆ, ದೇವಸ್ಥಾನ, ಜಾತ್ರೆಗಳಿಗೆ ಸಹಾಯ ಮಾಡಿದ ಸುದ್ದಿ, ಫೋಟೋ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಮ್ಮ ಕಾಸರಗೋಡಿನ ಕಡೆ ಚಿನ್ನದ ಗಣಿ, ಕಬ್ಬಿಣದ ಗಣಿ ಇಲ್ಲ. ಇಲ್ಲಿರುವುದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋರೆ, ಕರಿಕಲ್ಲಿನ ಕೋರೆ, ಜಲ್ಲಿ ಕ್ರಶರ್. ದೇಣಿಗೆ ಕೊಡುವುದರಲ್ಲಿ ಇವರೂ ಹಿಂದೆ ಬಿದ್ದವರಲ್ಲ. ನಮ್ಮ ಊರಿನ ದೈವಸ್ಥಾನ ಸಮಿತಿಗೆ ನಾನೇ ಖಜಾಂಚಿ. ರಸೀದಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಹಾಗಾಗಿ ಇದನ್ನು ಗೊತ್ತಿದ್ದೇ ಹೇಳುತ್ತಿದ್ದೇನೆ.

ಬ್ರಹ್ಮಕಲಶ ಅಂದರೆ ಚಪ್ಪರದ ಖರ್ಚು ಯಾರದ್ದು? ಕೋರೆಯವರದ್ದು. ಅನ್ನದಾನಕ್ಕೆ ಅಕ್ಕಿ, ಯಕ್ಷಗಾನ ಬಯಲಾಟಕ್ಕೆ ಮೇಳದವರ ವೀಳ್ಯ, ದೈವಸ್ಥಾನದ ಎದುರಿನ ತಗಡಿನ ಚಾವಣಿ, ಅಂಗಳಕ್ಕೆ ಹಾಕಿದ ಇಂಟರ್‌ಲಾಕ್, ಎಲ್ಲದರಲ್ಲೂ ಅವರ ಪಾಲು ದೊಡ್ಡದು. ಕೇಳಲು ಹೋದರೆ ಕಾಯಿಸುವುದಿಲ್ಲ, ಮುಖ ಸಿಂಡರಿಸುವುದಿಲ್ಲ. 'ಅಣ್ಣ, ನೀವೇ ಒಂದು ಮೊತ್ತ ಬರೆಯಿರಿ' ಅನ್ನುತ್ತಾರೆ. ಅವರಲ್ಲಿ ಭಕ್ತಿ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ದೈವದ ಕೋಲ ನಡೆಯುವ ನೇಮದ ದಿನ ಕುಟುಂಬ ಸಮೇತ ಬಂದು ಕೈ ಮುಗಿದು, ಪ್ರಸಾದ ತೆಗೆದುಕೊಂಡು, ಊಟ ಮಾಡಿಯೇ ಹೋಗುತ್ತಾರೆ.

ಆದರೂ ಈ ಪತ್ರ ಬರೆಯಲೇಬೇಕು ಅನಿಸಿತು. ಕೊಟ್ಟ ದೇಣಿಗೆಯ ಲೆಕ್ಕ ನನ್ನ ಪುಸ್ತಕದಲ್ಲಿದೆ. ಊರಿನಿಂದ ಹೋದದ್ದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಈಗ ನಾನು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅದಕ್ಕೆ ಮೊದಲು ವರ್ಷಗಟ್ಟಲೆ ಮುರಕಲ್ಲಿನ ಲಾರಿ ಓಡಿಸಿದವನು. ಆ ಕೆಲಸದಲ್ಲೇ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಕೋರೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಜೇಸಿಬಿ ಬರುತ್ತದೆ. ಪಾರೆಯ (ಬಂಡೆ ನೆಲದ) ಮೇಲಿನ ಹುಲ್ಲು, ಪೊದೆ, ತೆಳು ಮಣ್ಣು ಎಲ್ಲವನ್ನೂ ಕೆರೆದು ಒಂದು ಬದಿಗೆ ರಾಶಿ ಹಾಕುತ್ತದೆ. ಮತ್ತೆ ಹಳಿ ಇಟ್ಟು ಕಲ್ಲು ಕೊಯ್ಯುವ ಮೆಷಿನ್ ಇಳಿಸುತ್ತಾರೆ. ಉದ್ದಕ್ಕೊಂದು ಗೀರು, ಅಡ್ಡಕ್ಕೊಂದು ಗೀರು. ಹಾರೆ ಹಾಕಿ ಮೀಟಿದರೆ ಕಲ್ಲು ಎದ್ದು ಬರುತ್ತದೆ. ಒಂದೊಂದು ವರಸೆ ತೆಗೆದ ಹಾಗೆ ಗುಂಡಿ ಕೆಳಗೆ ಕೆಳಗೆ ಹೋಗುತ್ತದೆ. ಕೊನೆಗೆ ಅಡಿಯಲ್ಲಿ ಶೇಡಿ ಮಣ್ಣು ಕಾಣಿಸಿತು ಅಂದರೆ ಅಲ್ಲಿಗೆ ಮುಗಿಯಿತು. ಮೆಷಿನ್ ಮುಂದಿನ ಜಾಗಕ್ಕೆ ಹೋಗುತ್ತದೆ. ಗುಂಡಿ ಅಲ್ಲೇ ಉಳಿಯುತ್ತದೆ.

ಈ ಕಲ್ಲೇ ನಮ್ಮ ಊರು. ಸುಳ್ಳು ಹೇಳಬಾರದು, ಮುರಕಲ್ಲು ಇಲ್ಲದಿದ್ದರೆ ನಮ್ಮಲ್ಲಿ ಮನೆಯೂ ಇಲ್ಲ, ದೇವಸ್ಥಾನವೂ ಇಲ್ಲ. 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಬೇಕಲ ಕೋಟೆ ಕಟ್ಟಿಸಿದ್ದೂ ಇದೇ ಕೆಂಪು ಕಲ್ಲಿನಲ್ಲಿ. ಅನಂತಪುರದ ಸರೋವರ ದೇವಸ್ಥಾನ ನೋಡಲು ಹೋಗುವವರು ಒಂದು ಕ್ಷಣ ಸುತ್ತಲಿನ ನೆಲ ನೋಡಬೇಕು, ಎಲ್ಲಾ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಹಾಗಾಗಿ ಕಲ್ಲು ತೆಗೆಯಲೇಬಾರದು ಅಂತ ಹೇಳುವವನು ನಾನಲ್ಲ. ಎಲ್ಲಿ ತೆಗೆಯುತ್ತೀರಿ, ಯಾರನ್ನು ಕೇಳಿ ತೆಗೆಯುತ್ತೀರಿ ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮ ಊರಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಒಬ್ಬರನ್ನು ದೂರುವುದು ನನ್ನ ಉದ್ದೇಶ ಅಲ್ಲ, ಈ ಕಥೆ ಒಂದೇ ಊರಿನದ್ದೂ ಅಲ್ಲ.

ನಮ್ಮ ದೈವದ ಭಂಡಾರ ಮನೆ ಕೆಳಗೆ ತೋಡಿನ ಹತ್ತಿರ. ದೈವಸ್ಥಾನ ಪದವಿನ ಆಚೆ. ನೇಮದ ಸಂಜೆ ಭಂಡಾರ ಹೊರಡುತ್ತದೆ. ಭಂಡಾರ ಅಂದರೆ ದೈವದ ಮೊಗ (ಮುಖವಾಡ), ಕಡ್ತಲೆ (ಕತ್ತಿ), ಗಂಟೆ. ಅವು ತಲೆಯ ಮೇಲೆ, ಭುಜದ ಮೇಲೆ. ಮುಂದೆ ದೊಂದಿ, ಸತ್ತಿಗೆ, ಡೋಲು. ಸಂಕ ದಾಟಿ, ಗದ್ದೆಯ ಹುಣಿಯ ಮೇಲೆ ನಡೆದು, ಗುಡ್ಡ ಹತ್ತಿ ಪದವಿಗೆ ಬರಬೇಕು. ಪದವಿನ ನಡುವೆ ಒಂದು ಕಾಸರಕನ ಮರ, ಅದರ ಬುಡದಲ್ಲಿ ಕಟ್ಟೆ. ಅಲ್ಲಿ ಭಂಡಾರ ಇಳಿಸುವುದು ಕ್ರಮ. ದೈವದ ಕೆಲಸದ ಹಿರಿಯರಾದ ಗುರಿಕಾರರು ವೀಳ್ಯ ಇಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಸುತ್ತಲಿನ ಮನೆಯವರು ಎಳನೀರು, ಬೆಲ್ಲದ ನೀರು ತಂದು ಕಾಯುತ್ತಿದ್ದರು. ಪದವಿನ ಅಂಚಿನಲ್ಲಿ ಒಂದು ಬ್ಯಾರಿ ಮುಸ್ಲಿಮರ ಮನೆ ಇದೆ. ದೊಂದಿಗೆ ಎಣ್ಣೆ ಅವರ ಮನೆಯಿಂದ ಬರುತ್ತಿತ್ತು. ಅವರ ಅಜ್ಜನ ಕಾಲದಿಂದ ಬಂದದ್ದು, ಯಾರೂ ಕೇಳುವ ಅಗತ್ಯವೇ ಇರಲಿಲ್ಲ. ಬಾಟಲಿ ಹಿಡಿದುಕೊಂಡು ಅವರ ಹುಡುಗ ಕಟ್ಟೆಯ ಹತ್ತಿರ ನಿಂತಿರುತ್ತಿದ್ದ.

ಪದವಿನ ಒಂದು ಭಾಗ ಖಾಸಗಿ ಪಟ್ಟಾ ಜಾಗ. ಅದು ಕೈಯಿಂದ ಕೈಗೆ ಮಾರಾಟವಾಗಿ ಕೋರೆಯಾಯಿತು. ಅಲ್ಲೇ ಇರುವ ನಾಗಬನವನ್ನು ಕೋರೆಯವರು ಮುಟ್ಟಲಿಲ್ಲ. ಅದನ್ನು ಅವರು ಎಲ್ಲರ ಹತ್ತಿರವೂ ಹೇಳಿಕೊಂಡು ಬಂದರು. ನಿಜವೇ, ಬನಕ್ಕೆ ಕೈ ಹಾಕಲಿಲ್ಲ. ಅದರ ಮೂರು ಬದಿ ಕೊಯ್ದರು. ಈಗ ನಾಗಬನ ಒಂದು ಎತ್ತರದ ದಿಣ್ಣೆಯ ಮೇಲೆ ನಿಂತಿದೆ. ಕೋರೆಯ ಗೋಡೆಯಲ್ಲಿ ಮರಗಳ ಬೇರು ಹೊರಗೆ ನೇತಾಡುತ್ತಿವೆ. ಪ್ರತಿ ಮಳೆಗಾಲದಲ್ಲಿ ಅಂಚು ಸ್ವಲ್ಪ ಸ್ವಲ್ಪ ಕುಸಿಯುತ್ತಿದೆ. ಹಳೆಯ ಮಾವಿನ ಮರ ಒಂದು ಆಗಲೇ ಗುಂಡಿಗೆ ಬಿತ್ತು. ನಾಗರ ಪಂಚಮಿಗೆ ಹಾಲು ಎರೆಯಲು ಹೋಗುವ ಹೆಂಗಸರು ಮಕ್ಕಳನ್ನು ಕೈ ಹಿಡಿದುಕೊಂಡೇ ಹೋಗಬೇಕು.

ಕಾಸರಕನ ಮರವೂ ಹೋಯಿತು, ಕಟ್ಟೆಯೂ ಹೋಯಿತು. ದಾರಿಯ ನಡುವೆ ಗುಂಡಿ. ಈಗ ನಮ್ಮ ಭಂಡಾರ ಟಾರು ರಸ್ತೆಯಲ್ಲಿ ಸುತ್ತು ಬಳಸಿ ಪಿಕಪ್‌ನಲ್ಲಿ ಬರುತ್ತದೆ. ಆ ರಸ್ತೆಯ ಬದಿಯಲ್ಲಿ, ದೈವಸ್ಥಾನಕ್ಕೆ ತಿರುಗುವಲ್ಲಿ ಒಂದು ದೊಡ್ಡ ಸ್ವಾಗತ ದ್ವಾರ ಇದೆ. ಅದನ್ನು ಕಟ್ಟಿಸಿಕೊಟ್ಟವರು ಅದೇ ಕೋರೆಯವರು. ರಸೀದಿ ಬರೆದವನು ನಾನು. ದ್ವಾರದಲ್ಲಿ ಅವರ ಹೆಸರೂ ಇದೆ. ಕಟ್ಟೆಗೆ ಹೆಸರು ಬೋರ್ಡು ಇರಲಿಲ್ಲ, ಸರ್ವೆ ನಕ್ಷೆಯಲ್ಲಿ ಗುರುತೂ ಇರಲಿಲ್ಲ. ಅನುಮತಿ ಕೊಟ್ಟ ಆಫೀಸಿಗೆ ಅಲ್ಲಿ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಈಗ ನೇಮದ ರಾತ್ರಿ ಪಾಡ್ದನ, ಅಂದರೆ ದೈವದ ಕಥೆಯ ಹಾಡು ಹೇಳುವವರ ಕಷ್ಟ ಕೇಳಿ. ದೈವ ಎಲ್ಲಿಂದ ಹೊರಟಿತು, ಯಾವ ಗುಡ್ಡ ಏರಿತು, ಯಾವ ಮರದ ಅಡಿಯಲ್ಲಿ ಕೂತಿತು, ಯಾರ ಮನೆಯಲ್ಲಿ ಬಾಯಾರಿಕೆ ಕೇಳಿತು, ಎಲ್ಲವೂ ಜಾಗದ ಹೆಸರು ಹಿಡಿದೇ ಪಾಡ್ದನದಲ್ಲಿ ಬರುತ್ತದೆ. ನಮ್ಮಲ್ಲಿ ದೈವದ ವೇಷ ಕಟ್ಟುವ ನಲಿಕೆ ಸಮುದಾಯದವರ ಮನೆಯ ಹಿರಿಯ ಹೆಂಗಸು ತೆಂಬರೆ ಅನ್ನುವ ಸಣ್ಣ ವಾದ್ಯ ಹಿಡಿದು ಅದನ್ನು ಪೂರ್ತಿ ಹೇಳುತ್ತಾರೆ, ಒಂದು ಹೆಸರು ಬಿಡುವುದಿಲ್ಲ. ಅವರ ಮೊಮ್ಮಗ ಕಲಿಯುತ್ತಿದ್ದಾನೆ. ಅವನು ಆ ಮರವನ್ನು ನೋಡಿದವನಲ್ಲ. ಇನ್ನು ನೋಡಲೂ ಸಾಧ್ಯವಿಲ್ಲ. ನಮ್ಮ ಸಂಸ್ಕೃತಿಗೆ ಬೆಂಬಲ ಅಂತ ಕೊಟ್ಟ ದ್ವಾರದ ಕಾಂಕ್ರೀಟು ಇದನ್ನು ತುಂಬಿಸಿಕೊಡುತ್ತದಾ?

ಇನ್ನೊಂದು ವಿಷಯ ಸುರಂಗ. ಘಟ್ಟದ ಮೇಲಿನ ಓದುಗರಿಗೆ ಸುರಂಗ ಅಂದರೆ ರೈಲಿನದ್ದು ನೆನಪಾಗಬಹುದು. ನಮ್ಮಲ್ಲಿ ಸುರಂಗ ಅಂದರೆ ನೀರು. ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದುಕೊಂಡು ಹೋಗುವುದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು. ಬಾಯಾರು, ಪಡ್ರೆ, ಶೇಣಿ, ಎಣ್ಮಕಜೆ ಕಡೆ ಸುರಂಗ ಇಲ್ಲದ ತೋಟ ಕಡಿಮೆ. ಪಿಕ್ಕಾಸು ಹಿಡಿದು ಒಬ್ಬ ಒಳಗೆ ಕಡಿಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಎಳೆಯುತ್ತಾನೆ. ಜೊತೆಗೆ ಮೊಂಬತ್ತಿ. ಬೆಳಕಿಗೂ ಬೇಕು, ಗಾಳಿ ಇದೆಯಾ ಅಂತ ತಿಳಿಯಲೂ ಬೇಕು. ಬತ್ತಿ ಸಣ್ಣಗಾಯಿತು ಅಂದರೆ ಹೊರಗೆ ಬರಲೇಬೇಕು. ಮೇಲಿನ ಮುರಕಲ್ಲು ಮಳೆಗಾಲ ಪೂರ್ತಿ ಕುಡಿದ ನೀರನ್ನು ಒಳಗೆ ಹನಿ ಹನಿ ಬಿಡುತ್ತದೆ. ಆ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ತೋಟದ ಕೆರೆಗೆ ಬರುತ್ತದೆ. ಕರೆಂಟು ಬೇಡ, ಪಂಪು ಬೇಡ. ನಮ್ಮ ಮನೆಯ ಸುರಂಗ ನನ್ನ ಅಜ್ಜ ತೆಗೆಸಿದ್ದು. ಒಳಗೆ ಹೋದರೆ ಗೋಡೆಯಲ್ಲಿ ಪಿಕ್ಕಾಸಿನ ಗೀರು ಈಗಲೂ ಹಾಗೇ ಕಾಣುತ್ತದೆ, ದೀಪ ಇಡಲು ಮಾಡಿದ ಸಣ್ಣ ಗೂಡೂ ಇದೆ.

ಗುಡ್ಡದ ತಲೆಯನ್ನು ಕೊಯ್ದರೆ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ನಮ್ಮ ಪಕ್ಕದ ತೋಟದವರ ಸುರಂಗದಲ್ಲಿ ಕೋರೆ ಶುರುವಾದ ಮೇಲೆ ಮೊದಲು ಕೆಂಪು ನೀರು ಬಂತು. ಆಮೇಲೆ ಸಣ್ಣಗಾಯಿತು. ಈಗ ಮಾರ್ಚ್ ಕಳೆಯುವ ಮೊದಲೇ ನಿಲ್ಲುತ್ತದೆ. ಅವರು ಬೋರ್‌ವೆಲ್ ತೆಗೆಸಿದರು. ಸುರಂಗ ಕೊರೆಯುವ ವಿದ್ಯೆ ಗೊತ್ತಿದ್ದವರು ನಮ್ಮ ಕಡೆ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಅವರಿಗೂ ಈಗ ಕೆಲಸ ಇಲ್ಲ. ಪರಂಪರೆ ಅಂದ ಕೂಡಲೇ ಎಲ್ಲರಿಗೂ ದೇವಸ್ಥಾನ, ಯಕ್ಷಗಾನ ನೆನಪಾಗುತ್ತದೆ. ನನಗೆ ಸುರಂಗವೂ ಅಷ್ಟೇ ದೊಡ್ಡ ಪರಂಪರೆ. ಪದವಿನ ಪಳ್ಳಗಳೂ (ನೀರು ನಿಲ್ಲುವ ತಗ್ಗುಗಳೂ) ಅಷ್ಟೇ. ಸೋಣ ತಿಂಗಳು ಹೊಸ್ತಿಲು ಪೂಜೆಗೆ ನಮ್ಮ ಮನೆಯ ಹೆಂಗಸರು ಹೂ ತರುತ್ತಿದ್ದದ್ದು ಪದವಿನಿಂದ. ಮಳೆಗಾಲದಲ್ಲಿ ಪಾರೆಯ ಮೇಲೆ ನೀರು ನಿಂತಲ್ಲಿ ನೀಲಿ, ಬಿಳಿ ಸಣ್ಣ ಹೂಗಳು ಹಾಸಿದ ಹಾಗೆ ಇರುತ್ತಿದ್ದವು. ಜೇಸಿಬಿ ಕೆರೆದು ಬದಿಗೆ ಹಾಕಿದ ಆ ತೆಳು ಮಣ್ಣಿನಲ್ಲೇ ಅವು ಹುಟ್ಟಬೇಕಾದದ್ದು.

ಇದಕ್ಕೆಲ್ಲ ಕಾನೂನು ಇಲ್ಲವಾ ಅಂತ ನಾನೂ ವಿಚಾರಿಸಿದೆ. ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಅನ್ನುವ ಪಟ್ಟಿಯಲ್ಲಿ ಪರಂಪರೆಯ ರಕ್ಷಣೆ, ಹಳೆಯ ಕಟ್ಟಡಗಳ ಜೀರ್ಣೋದ್ಧಾರ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ, ಎಲ್ಲ ಇದೆ. ಆದರೆ ಇದು ಅನ್ವಯ ಆಗಬೇಕಾದರೆ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವ್ಯವಹಾರ 1000 ಕೋಟಿ, ಇಲ್ಲವೇ ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ ಇರಬೇಕು. ನಮ್ಮ ಊರಿನ ಕೋರೆಗಳು ಅಷ್ಟು ದೊಡ್ಡವಲ್ಲ. ಹೆಚ್ಚಿನವು ಕಂಪನಿಯೂ ಅಲ್ಲ, ಇಬ್ಬರು ಮೂವರು ಪಾಲುದಾರರು ಸೇರಿ ನಡೆಸುವಂಥದ್ದು. ಗಣಿ ಬಾಧಿತ ಊರುಗಳಿಗಾಗಿ 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಯೋಜನೆಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಆದ್ಯತೆ. ಅದು ಸರಿಯೇ. ಆದರೆ ಆಗ ಮಾಡಿದ ಆದ್ಯತೆಯ ಪಟ್ಟಿಯಲ್ಲಿ ಸಂಸ್ಕೃತಿ ಇರಲಿಲ್ಲ.

ಬೇಕಲ ಕೋಟೆಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಅಂಥ ಸ್ಮಾರಕದ 100 ಮೀಟರ್ ಒಳಗೆ ಯಾರೂ ಗಣಿ ಮಾಡುವ ಹಾಗಿಲ್ಲ, ಅದರಾಚೆಗಿನ 200 ಮೀಟರ್‌ನಲ್ಲೂ ಅನುಮತಿ ಬೇಕು. ಆದರೆ ನಮ್ಮ ಕಟ್ಟೆ ಸ್ಮಾರಕ ಅಲ್ಲ, ಸುರಂಗ ಸ್ಮಾರಕ ಅಲ್ಲ, ಭಂಡಾರ ಹೋಗುವ ಕಾಲುದಾರಿ ಖಂಡಿತ ಸ್ಮಾರಕ ಅಲ್ಲ. ನಮಗೆ ಉಳಿಯುವುದು ರಸೀದಿ ಪುಸ್ತಕ ಒಂದೇ.

ಬೇರೆ ಕಡೆ ಹೇಗಿದೆ? ಹಂಪಿಗೆ ಹೋದಾಗ ಸಂಡೂರಿಗೂ ಹೋಗಿದ್ದೆವು. ಅಲ್ಲಿ ಕುಶಲ ಕಲಾ ಕೇಂದ್ರ ಅಂತ ಇದೆ. ಸಂಡೂರಿನ ಮ್ಯಾಂಗನೀಸ್ ಗಣಿ ಕಂಪನಿ ಮತ್ತು ಅದನ್ನು ನಡೆಸಿದ ಘೋರ್ಪಡೆ ಮನೆತನದ ಬೆಂಬಲದಿಂದ ಬೆಳೆದದ್ದು. ಲಂಬಾಣಿ ಹೆಂಗಸರು ಕೂತು ಕಸೂತಿ ಹಾಕುತ್ತಾರೆ. ಕನ್ನಡಿ ಚೂರು, ಕವಡೆ, ಬಣ್ಣ ಬಣ್ಣದ ನೂಲು. ನನ್ನ ಹೆಂಡತಿ ಒಂದು ಚೀಲ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಿಂಬದಿಯ ಹೊಲಿಗೆಯೂ ಅಷ್ಟೇ ಅಚ್ಚುಕಟ್ಟು. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿತು. ಒಂದು ದಿನದ ಉತ್ಸವಕ್ಕೆ ಹಣ ಕೊಟ್ಟು ಫೋಟೋ ತೆಗೆಸಿಕೊಂಡಿದ್ದರೆ ಇದು ಆಗುತ್ತಿರಲಿಲ್ಲ. ದಶಕಗಳ ಕಾಲ ಹಿಡಿದುಕೊಂಡು ಬಂದರು. ಆ ಹೆಂಗಸರ ಕೈಯಲ್ಲಿದ್ದ ವಿದ್ಯೆಗೇ ಕೂಲಿ, ಮಾರುಕಟ್ಟೆ ಎರಡನ್ನೂ ಕೊಟ್ಟರು.

ಅದೇ ಸಂಡೂರು, ಹೊಸಪೇಟೆ ಸುತ್ತಿನ ಬೆಟ್ಟಗಳನ್ನು ಬೇರೆ ಬೇರೆ ಕಂಪನಿಗಳು ಎಷ್ಟು ಅಗೆದವು ಅಂದರೆ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಬೇಕಾಯಿತು. ಕುಮಾರಸ್ವಾಮಿ ದೇವಸ್ಥಾನದ ಬೆಟ್ಟ ಹತ್ತುವಾಗ ಸುತ್ತ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಸೂತಿಯನ್ನು ಉಳಿಸಿದ ಊರಿನಲ್ಲೇ ಬೆಟ್ಟ ಉಳಿಯಲಿಲ್ಲ. ಎರಡೂ ನಿಜ.

ಜಮ್ಶೆಡ್‌ಪುರದ ಟಾಟಾ ಸ್ಟೀಲ್‌ನವರು ಕಬ್ಬಿಣದ ಅದಿರಿನ ಗಣಿ ಇರುವವರು. ಅವರ ಪ್ರತಿಷ್ಠಾನ ಅಲ್ಲಿನ ಆದಿವಾಸಿ ಮಕ್ಕಳಿಗೆ ಸಂತಾಲಿ ಭಾಷೆಯನ್ನು ಓಲ್ ಚಿಕಿ ಲಿಪಿಯಲ್ಲಿ, ಹೋ ಭಾಷೆಯನ್ನು ವಾರಂಗ್ ಚಿತಿ ಲಿಪಿಯಲ್ಲಿ ಕಲಿಸುವ ತರಗತಿಗಳನ್ನು ನಡೆಸುತ್ತದೆ. ಊರವರೇ ಮೇಷ್ಟ್ರು. ಗಡಿನಾಡಿನ ಕನ್ನಡಿಗನಾಗಿ ಇದನ್ನು ಓದಿದಾಗ ನನಗೆ ಆಸೆಯಾಯಿತು. ನಮ್ಮಲ್ಲಿ ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ತುಳುವಿಗೆ ಹೊಸಂಗಡಿಯಲ್ಲಿ 2007ರಿಂದ ಕೇರಳ ತುಳು ಅಕಾಡೆಮಿ ಇದೆ, ಆದರೆ ಊರೂರಿನಲ್ಲಿ ಪಾಡ್ದನ ಕಲಿಸಲು, ಬರೆದಿಡಲು, ರೆಕಾರ್ಡು ಮಾಡಲು ಯಾರ ಹತ್ತಿರ ಹಣ ಇದೆ? ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಒಂದು ರಾತ್ರಿಯ ಬಯಲಾಟಕ್ಕೆ ಕೋರೆಯವರು ಕೊಡುವ ಹಣದಲ್ಲಿ ಒಂದು ಕನ್ನಡ ಶಾಲೆಗೆ ಚೆಂಡೆ, ಮದ್ದಳೆ, ನಾಟ್ಯ ಕಲಿಸುವ ಗುರುಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು. ಬಯಲಾಟ ಬೇಡ ಅನ್ನುತ್ತಿಲ್ಲ. ನಾನು ಬೆಳಗಾಗುವವರೆಗೆ ಕೂತು ನೋಡುವವನೇ. ಆದರೆ ಕಲಿಯುವ ಮಕ್ಕಳು ಇಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಯಾರ ಆಟಕ್ಕೆ ವೀಳ್ಯ ಕೊಡುವುದು?

ಇನ್ನೊಂದು ಉದಾಹರಣೆ ದೂರದ್ದು, ಆದರೆ ಅದನ್ನು ಹೇಳದೆ ಇರಲಾರೆ. ಆಸ್ಟ್ರೇಲಿಯಾದಲ್ಲಿ ರಿಯೋ ಟಿಂಟೋ ಅನ್ನುವ ದೊಡ್ಡ ಗಣಿ ಕಂಪನಿ ಇದೆ. ಸ್ಥಳೀಯರ ಪರಂಪರೆ ಯಾಕೆ ಮುಖ್ಯ ಅನ್ನುವ ಬಗ್ಗೆ ತಾನೇ 2011ರಲ್ಲಿ ಕೈಪಿಡಿ ಹೊರತಂದ ಕಂಪನಿ ಅದು. ಅದೇ ಕಂಪನಿ 2020ರ ಮೇ 24ರಂದು ಜೂಕನ್ ಕಣಿವೆಯ ಎರಡು ಗುಹೆಗಳನ್ನು ಕಬ್ಬಿಣದ ಅದಿರಿಗಾಗಿ ಸ್ಫೋಟಿಸಿತು. ಮನುಷ್ಯರು 46,000 ವರ್ಷಗಳ ಹಿಂದೆಯೇ ಬಂದು ಹೋಗುತ್ತಿದ್ದ ಗುಹೆ ಅದು. ಒಳಗೆ 4,000 ವರ್ಷ ಹಳೆಯ, ಮನುಷ್ಯರ ಕೂದಲಿನಿಂದ ಹೆಣೆದ ಜಡೆಯ ತುಂಡು ಸಿಕ್ಕಿತ್ತು. ಪರೀಕ್ಷೆ ಮಾಡಿದಾಗ ಈಗ ಅಲ್ಲಿರುವ ಜನರ ಪೂರ್ವಜರದ್ದೇ ಅಂತ ಗೊತ್ತಾಗಿತ್ತು. ಸ್ಫೋಟಕ್ಕೆ ಸರ್ಕಾರದ ಅನುಮತಿ ಇತ್ತು, ಕಾಗದ ಪತ್ರ ಎಲ್ಲಾ ಸರಿಯಾಗಿತ್ತು. ಆಮೇಲೆ ಕಂಪನಿ ಕ್ಷಮೆ ಕೇಳಿತು, ಮುಖ್ಯಸ್ಥರು ಹುದ್ದೆ ಬಿಟ್ಟರು, ಪಾರ್ಲಿಮೆಂಟಿನ ಸಮಿತಿ ತನಿಖೆ ಮಾಡಿತು. ಗುಹೆ ವಾಪಸು ಬರಲಿಲ್ಲ.

ನಮ್ಮ ದೇಶದಲ್ಲೇ ಒಡಿಶಾದ ನಿಯಮಗಿರಿಯಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯಿತು. ಡೊಂಗರಿಯಾ ಕೊಂಧರಿಗೆ ಆ ಬೆಟ್ಟವೇ ದೇವರು. ಅಲ್ಲಿ ಬಾಕ್ಸೈಟ್ ತೆಗೆಯಬೇಕು ಅಂತ ಇತ್ತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅವರ ದೇವರ ಜಾಗಕ್ಕೆ ಧಕ್ಕೆ ಆಗುತ್ತದೋ ಇಲ್ಲವೋ ಅಂತ ಗ್ರಾಮಸಭೆಗಳೇ ಹೇಳಲಿ ಅಂದಿತು. 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಅದು ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಆದದ್ದು. ನಮ್ಮ ಪಟ್ಟಾ ಜಾಗದ ಕೋರೆಗೆ ಅದು ಹಾಗೇ ಅನ್ವಯ ಆಗುವುದಿಲ್ಲ, ಗೊತ್ತು. ಆದರೆ ಊರವರನ್ನು ಮೊದಲು ಕೇಳಬೇಕು ಅನ್ನುವುದಕ್ಕೆ ಕಾನೂನೇ ಬೇಕಾ? ಒಂದು ಸಂಜೆ ಬಂದು ಗುರಿಕಾರರ ಜಗಲಿಯಲ್ಲಿ ಕೂತು ಕೇಳಿದ್ದರೆ ಸಾಕಿತ್ತು. ಕಾಸರಕನ ಮರದ ಸುತ್ತ ಹತ್ತು ಸೆಂಟ್ಸು ಜಾಗ, ಎರಡಾಳು ಅಗಲದ ದಾರಿ ಬಿಟ್ಟು ಉಳಿದಲ್ಲಿ ಕಲ್ಲು ತೆಗೆಯಬಹುದಿತ್ತು. ಅವರಿಗೆ ಆಗುವ ನಷ್ಟ ಆ ದ್ವಾರದ ಖರ್ಚಿಗಿಂತ ಜಾಸ್ತಿ ಆಗುತ್ತಿರಲಿಲ್ಲ ಅಂತ ಲಾರಿ ಓಡಿಸಿದ ಲೆಕ್ಕದಲ್ಲಿ ನಾನು ಹೇಳಬಲ್ಲೆ.

ಹಾಗಾಗಿ ನಮ್ಮ ಪಂಚಾಯತುಗಳಿಗೆ, ಜನಪ್ರತಿನಿಧಿಗಳಿಗೆ ನನ್ನದೊಂದು ಮನವಿ. ಪ್ರತಿ ವಾರ್ಡಿನಲ್ಲೂ ಹಿರಿಯರನ್ನು ಕರೆದುಕೊಂಡು ಒಂದು ಸಲ ನಡೆದು ನೋಡಿ. ಬನ, ಕಟ್ಟೆ, ಭಂಡಾರದ ದಾರಿ, ಸುರಂಗದ ಬಾಯಿ, ಪಳ್ಳ, ಮಖಾಮು (ಮುಸ್ಲಿಂ ಸಂತರ ಗೋರಿ), ಕೊರಗರ ಕಾಲೊನಿಯವರು ನಂಬುವ ಕಲ್ಲು, ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಹಳೆಯ ಕಲ್ಲಿನ ಕೆತ್ತನೆಗಳನ್ನೂ ಸೇರಿಸಿ. ಮಡಿಕೈ ಪಂಚಾಯತಿನ ಎರಿಕ್ಕುಳಂನಲ್ಲಿ ಮುರಕಲ್ಲಿನ ಪಾರೆಯ ಮೇಲೆಯೇ ಎತ್ತುಗಳ ಚಿತ್ರ ಕೆತ್ತಿದ್ದು ಸಿಕ್ಕಿದೆ. ನಮ್ಮ ಪದವುಗಳ ಹುಲ್ಲಿನ ಅಡಿಯಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಹೊಸ ಕೋರೆಯ ಅರ್ಜಿ ಬಂದಾಗ ಆ ನಕ್ಷೆ ಎದುರಿಗೆ ಇರಲಿ. ಅರ್ಜಿಯ ವಿವರ ಮಲಯಾಳದ ಜೊತೆ ಕನ್ನಡದಲ್ಲೂ ಪಂಚಾಯತು ಆಫೀಸಿನ ಗೋಡೆಗೆ ಬರಲಿ. ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಕೋರೆ ಎದ್ದು ನಿಂತ ಮೇಲೆಯೇ ಅವರಿಗೆ ವಿಷಯ ಗೊತ್ತಾಗುವುದು.

ಕೋರೆ, ಕ್ರಶರ್ ನಡೆಸುವ ಅಣ್ಣ ತಮ್ಮಂದಿರಲ್ಲೂ ಕೇಳುತ್ತೇನೆ. ಕೊಡುವುದನ್ನು ನಿಲ್ಲಿಸಬೇಡಿ. ಕೊಡುವ ಹಣದ ಒಂದು ಭಾಗ ಸಮಿತಿಗಳಿಗೆ ಬೇರೆ ಬೇರೆಯಾಗಿ ಹೋಗುವ ಬದಲು ಗ್ರಾಮಸಭೆ ನೋಡಿಕೊಳ್ಳುವ ಒಂದು ನಿಧಿಗೆ ಬರಲಿ. ಲೆಕ್ಕ ವರ್ಷಕ್ಕೊಮ್ಮೆ ವಾಚನಾಲಯದಲ್ಲಿ ಅಂಟಿಸಲಿ. ಆ ಹಣದಲ್ಲಿ ಪಾಡ್ದನ ರೆಕಾರ್ಡು ಆಗಲಿ, ಶಾಲೆಯಲ್ಲಿ ಯಕ್ಷಗಾನ ನಡೆಯಲಿ, ಬಿದ್ದು ಹೋದ ಸುರಂಗದ ಬಾಯಿ ಸರಿಯಾಗಲಿ. ಮುಗಿದ ಗುಂಡಿಗೆ ಬದಿಗೆ ಹಾಕಿದ ಮಣ್ಣನ್ನಾದರೂ ವಾಪಸು ತುಂಬಿಸಿ, ಬನದ ಅಂಚಿಗೆ ಕಲ್ಲಿನ ತಡೆಗೋಡೆ ಕಟ್ಟಿಕೊಡಿ. ಕಲ್ಲು ನಿಮ್ಮಲ್ಲೇ ಇದೆ, ಅಲ್ವಾ?

ಸಮಿತಿಗಳಲ್ಲಿರುವ ನಮ್ಮಂಥವರ ಕೆಲಸವೂ ಇದೆ. ನೇಮಗಳ ಕಾಲ ಮುಗಿಯುವ ಪತ್ತನಾಜೆ ಕಳೆದ ಮೇಲೆ ನಮ್ಮ ವಾರ್ಷಿಕ ಸಭೆ. ಅಲ್ಲಿ ನಾನು ಒಂದು ಸೂಚನೆ ಮಂಡಿಸುತ್ತಿದ್ದೇನೆ. ಇನ್ನು ಮುಂದೆ ಕೋರೆಯವರಿಂದ ದೇಣಿಗೆ ತೆಗೆದುಕೊಳ್ಳುವ ಮೊದಲು ಅವರು ಎಲ್ಲಿಯವರೆಗೆ ಕೊಯ್ಯುತ್ತಾರೆ ಅನ್ನುವ ಸ್ಕೆಚ್ ಸಮಿತಿಗೆ ಕೊಡಬೇಕು, ಬನದಿಂದ ಎಷ್ಟು ದೂರ ಬಿಡುತ್ತಾರೆ ಅಂತ ಬರೆದು ಸಹಿ ಹಾಕಬೇಕು. ಗುರಿಕಾರರ ಹತ್ತಿರ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಕೆಲವರು 'ಸುಮ್ನೆ ಯಾಕೆ ಅವರನ್ನು ದೂರ ಮಾಡಿಕೊಳ್ಳುವುದು' ಅನ್ನುತ್ತಿದ್ದಾರೆ. ಅವರ ಹತ್ತಿರವೂ ಮಾತಾಡುತ್ತೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಬೇರೆ ದೈವಸ್ಥಾನ, ಮಸೀದಿ, ಮಂದಿರ ಸಮಿತಿಯವರು ಇಂಥ ನಿರ್ಣಯ ಆಗಲೇ ಮಾಡಿದ್ದರೆ, ಅದನ್ನು ಹೇಗೆ ಬರೆದರು ಅಂತ ದಯವಿಟ್ಟು ಇದೇ ಅಂಕಣದಲ್ಲಿ ತಿಳಿಸಬೇಕು. ನಮ್ಮ ಸಭೆಗೆ ಮೊದಲು ಸಿಕ್ಕಿದರೆ ತುಂಬಾ ಉಪಕಾರ.

ಇಂತಿ,
ದೈವಸ್ಥಾನ ಸಮಿತಿಯೊಂದರ ಖಜಾಂಚಿ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ
(ಹೆಸರು, ವಿಳಾಸವನ್ನು ಪತ್ರಿಕೆಗೆ ತಿಳಿಸಿದ್ದೇನೆ)